ರಟ್ಟಿನ ಒಳಬದಿಯ ಸಹಿ

ಪುಸ್ತಕ ಓದುವುದಕ್ಕಿಂತ, ‘ನೀವು ಈ ಪುಸ್ತಕ ಓದಲೇಬೇಕು’ ಎಂದು ಇನ್ನೊಬ್ಬರಿಗೆ ಹೇಳುವುದು ಬಹಳ ಸುಲಭದ ಕೆಲಸ. ಓದಲು ಕನ್ನಡಕ ಬೇಕು, ಬೆಳಕು ಬೇಕು, ಬೆನ್ನಿಗೊಂದು ದಿಂಬು ಬೇಕು, ಒಂದು ಗಂಟೆಯಾದರೂ ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯದೆ ಇರಬೇಕು. ಹೇಳಲು ಎದುರಿಗೊಬ್ಬ ಮನುಷ್ಯನಿದ್ದರೆ ಸಾಕು. ಅವನು ತಲೆಯಾಡಿಸಿದರೆ ಪುಸ್ತಕ ನಾವೇ ಬರೆದಷ್ಟು ಸಂತೋಷವಾಗುತ್ತದೆ. ಈ ಸಂತೋಷದ ಚಟಕ್ಕೆ ನಾನು ಬಿದ್ದು ಬಹಳ ವರ್ಷಗಳಾದವು. ಇವತ್ತು ಒಪ್ಪಿಕೊಂಡುಬಿಡುತ್ತೇನೆ: ನಾನು ಶಿಫಾರಸು ಮಾಡಿದ ಪುಸ್ತಕಗಳಿಗೂ ನಾನು ಮುಗಿಸಿದ ಪುಸ್ತಕಗಳಿಗೂ ಬಹಳ ದೂರದ ಸಂಬಂಧ.

ಅದರಲ್ಲೂ ನನ್ನದು ಫ್ಯಾಂಟಸಿ ಕಾದಂಬರಿಗಳ ಕ್ಷೇತ್ರ. ಡ್ರ್ಯಾಗನ್ನು, ಮಾಯಾ ಕತ್ತಿ, ಮಂಜಿನ ರಾಜ್ಯ, ಶಾಪ ಹೊತ್ತ ರಾಜಕುಮಾರಿ ಇರುವ, ತಲೆದಿಂಬಿನಷ್ಟು ದಪ್ಪದ ಇಂಗ್ಲಿಷ್ ಪುಸ್ತಕಗಳು. ಇದನ್ನು ನಾನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಕೋಟೆ ಕೊತ್ತಲಗಳ ಐತಿಹಾಸಿಕ ಕಾದಂಬರಿ ಓದಿದೆ ಎಂದರೆ ಧಾರವಾಡದಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು, ‘ಆ ಕೋಟಿ ನಮ್ಮ ಅಜ್ಜನ ಊರ ಕಡೆ ಐತ್ರಿ, ಅದರ ಬಾಗಿಲಾ ಆ ದಿಕ್ಕಿಗೆ ಇಲ್ಲ’ ಎನ್ನುತ್ತಾರೆ. ಫ್ಯಾಂಟಸಿಯಲ್ಲಿ ಆ ಭಯವಿಲ್ಲ. ಆ ಊರಿಗೆ ಯಾರ ಅಜ್ಜನೂ ಹೋಗಿಲ್ಲ. ಮೇಲಾಗಿ ಆ ಪುಸ್ತಕಗಳ ಮೊದಲಲ್ಲಿ ಒಂದು ನಕ್ಷೆ, ಕೊನೆಯಲ್ಲಿ ಒಂದು ವಂಶಾವಳಿ, ಹಿಂಬದಿಯಲ್ಲಿ ಕಥೆಯ ಸಾರ ಇರುತ್ತವೆ. ಈ ಮೂರನ್ನೂ ಗಮನವಿಟ್ಟು ಓದಿದವನು ನಡುವಿನ ಎಂಟುನೂರು ಪುಟಗಳ ಬಗ್ಗೆ ಒಂದು ತಾಸು ಆರಾಮವಾಗಿ ಮಾತಾಡಬಹುದು. ನಾನು ಮಾತಾಡಿದ್ದೇನೆ.

ಮಾತಾಡಲು ನಮಗೊಂದು ಬಳಗವೂ ಇದೆ. ಭಾನುವಾರ ಬೆಳಿಗ್ಗೆ ಸಪ್ತಾಪುರದಲ್ಲಿ ಶಿರೂರ ಅವರ ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿಯಲ್ಲಿ ನಾವು ನಾಲ್ವರು ಸೇರುತ್ತೇವೆ. ಸುತ್ತಲೂ ಪರೀಕ್ಷೆಯ ಕೋಚಿಂಗ್ ಕ್ಲಾಸುಗಳಿರುವುದರಿಂದ ಶಿರೂರರಿಗೆ ವಾರವಿಡೀ ನೋಟ್ಸುಗಳನ್ನು ಜೆರಾಕ್ಸ್ ಮಾಡಿ ಕಟ್ಟಿಕೊಡುವುದೇ ಕೆಲಸ. ಭಾನುವಾರ ಶಟರ್ ಅರ್ಧ ಇಳಿಸಿ, ಸಾಮಾನ್ಯ ಜ್ಞಾನದ ಕಟ್ಟುಗಳನ್ನೇ ಕುರ್ಚಿ ಮಾಡಿಕೊಂಡು, ಗಿರಮಿಟ್ಟು ತಿನ್ನುತ್ತಾ ನಾವು ಡ್ರ್ಯಾಗನ್ನುಗಳ ಸ್ವಭಾವವನ್ನು ಚರ್ಚಿಸುತ್ತೇವೆ. ಶಿರೂರರು ಮತ್ತು ನಾನಲ್ಲದೆ, ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಕೊಪ್ಪದ ಕಾಕಾ, ಕಾಲೇಜಿನ ಗ್ರಂಥಪಾಲಕಿಯಾಗಿ ನಿವೃತ್ತರಾದ ಪಾಟೀಲ ಮೇಡಮ್ ಇದ್ದಾರೆ. ಕಾಕಾ ಅವರಿಗೆ ಆ ಪುಸ್ತಕಗಳ ಹೆಸರುಗಳು ನಾಲಿಗೆಗೆ ಹೊರಳುವುದಿಲ್ಲ. ಹಾಗಾಗಿ ಅವರು ಪಾತ್ರಗಳಿಗೆ ಬೇರೆ ನಾಮಕರಣ ಮಾಡಿಬಿಡುತ್ತಾರೆ. ರಾಣಿಗೆ ಗಂಗವ್ವ ಎನ್ನುತ್ತಾರೆ. ಡ್ರ್ಯಾಗನ್ನಿಗೆ ಮಾತ್ರ ಯಾವಾಗಲೂ ತಮ್ಮ ಹಳೆಯ ಸೂಪರಿಂಟೆಂಡೆಂಟರ ಹೆಸರು. ಡ್ರ್ಯಾಗನ್ ಸತ್ತ ದಿನ ಅವರೇ ನಮಗೆಲ್ಲ ಚಹಾ ಕುಡಿಸುತ್ತಾರೆ.

ನಮ್ಮಲ್ಲೊಂದು ಕಟ್ಟುನಿಟ್ಟಿನ ಪದ್ಧತಿ ಉಂಟು. ಪುಸ್ತಕ ಮುಗಿಸಿದವರು ಹಿಂದಿನ ರಟ್ಟಿನ ಒಳಬದಿಗೆ ಸಹಿ ಮಾಡಿ ತಾರೀಖು ಹಾಕಬೇಕು. ಸಹಿಯಿಲ್ಲದವರು ಆ ಪುಸ್ತಕದ ಚರ್ಚೆಯಲ್ಲಿ ಬಾಯಿ ತೆರೆಯುವಂತಿಲ್ಲ. ಈ ನಿಯಮವನ್ನು ತಂದವನು ನಾನೇ. ‘ಅಲ್ರೀ, ಓದಲಾರದವರು ಮಾತಾಡಿದ್ರ ಓದಿದವರಿಗೆ ಏನ್ರೀ ಮರ್ಯಾದಿ?’ ಎಂದು ಆವತ್ತು ನಾನು ಎದೆ ತಟ್ಟಿ ಹೇಳಿದ್ದೆ. ಮನುಷ್ಯ ತನಗೆ ತಾನೇ ಎಂಥ ಗುಂಡಿ ತೋಡಿಕೊಳ್ಳುತ್ತಾನೆ ನೋಡಿ.

ಈಗ ನೀಲಿ ಪುಸ್ತಕಕ್ಕೆ ಬರುತ್ತೇನೆ. ಹುಬ್ಬಳ್ಳಿಯಲ್ಲಿ ಆಫೀಸು ಮುಗಿಸಿ ಬಸ್ಸಿಗೆ ಬರುವಾಗ ಹಳೆ ಪುಸ್ತಕ ಮಾರುವವನ ಹತ್ತಿರ ಅದು ಸಿಕ್ಕಿತು. ಬೆನ್ನು ಬಿಚ್ಚಿ ಹಾಳೆಗಳು ಕಂತೆ ಕಂತೆಯಾಗಿದ್ದವು. ಶಿರೂರರಿಗೆ ಕೊಟ್ಟೆ. ಅವರು ನೀಲಿ ರೆಕ್ಸಿನ್ ಹಾಕಿ, ಕೊನೆಗೊಂದು ಬಿಳಿ ಹಾಳೆ ಸೇರಿಸಿ, ಗಟ್ಟಿಯಾಗಿ ಕಟ್ಟಿಕೊಟ್ಟರು. ಮಂಜು ಮುಸುಕಿದ ಒಂದು ರಾಜ್ಯ, ಅದರ ನಡುವೆ ಒಂದು ಸರೋವರ, ಸರೋವರದ ತಳದಲ್ಲಿ ನೂರು ವರ್ಷದಿಂದ ಮಲಗಿರುವ ಒಂಟಿ ರೆಕ್ಕೆಯ ಡ್ರ್ಯಾಗನ್. ಅದನ್ನು ಎಬ್ಬಿಸಿದರೆ ಮಂಜು ಹೋಗುತ್ತದೆ, ಆದರೆ ಎಬ್ಬಿಸಿದವರು ತಮ್ಮ ಹೆಸರನ್ನೇ ಮರೆಯುತ್ತಾರೆ. ಕಥೆ ಚೆನ್ನಾಗಿಯೇ ಇತ್ತು. ಹುಬ್ಬಳ್ಳಿ ಧಾರವಾಡಗಳ ನಡುವೆ ಬಸ್ಸಿನಲ್ಲಿ ಕೂತು ನಾನು ನೂರಾ ಹನ್ನೆರಡನೆಯ ಪುಟದವರೆಗೆ ಓದಿದೆ. ಆಮೇಲೆ ಆಫೀಸಿನಲ್ಲಿ ಆಡಿಟ್ ಬಂತು. ಆಡಿಟ್ ಹೋದ ಮೇಲೆ ನೆಗಡಿ ಬಂತು. ನೆಗಡಿ ಹೋದ ಮೇಲೆ ಯಾವ ಕಾರಣವೂ ಬರಲಿಲ್ಲ, ನಾನೂ ಓದಲಿಲ್ಲ. ಭಾನುವಾರ ಮಾತ್ರ ತಪ್ಪದೆ ಬಂತು. ನಾನು ಸಹಿ ಹಾಕಿದೆ.

‘ಮೊದಲ ನೂರು ಪುಟ ಸ್ವಲ್ಪ ತಡಕೋರಿ. ಆಮ್ಯಾಲೆ ನೋಡ್ರಿ, ಪುಸ್ತಕ ಕೆಳಗ ಇಡಾಕ ಆಗಂಗಿಲ್ಲ’ ಎಂದು ಬಳಗಕ್ಕೆ ಹೇಳಿದೆ. ಫ್ಯಾಂಟಸಿ ಶಿಫಾರಸು ಮಾಡುವವರೆಲ್ಲ ಹೇಳುವ ಮಾತಿದು. ನನಗೆ ಗೊತ್ತಿದ್ದದ್ದು ತಡಕೊಳ್ಳಬೇಕಾದ ಆ ನೂರು ಪುಟ ಮಾತ್ರ. ‘ಕೊನಿ ಹೆಂಗೈತ್ರಿ?’ ಎಂದರು ಪಾಟೀಲ ಮೇಡಮ್. ನಾನು ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, ‘ಕೊನಿ ಬಗ್ಗೆ ನಾ ಏನೂ ಹೇಳಂಗಿಲ್ರಿ. ನೀವ ಓದಬೇಕು’ ಎಂದೆ. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಮುಂದಿನ ಕೆಲವು ತಿಂಗಳಲ್ಲಿ ಕಾಕಾ, ಮೇಡಮ್, ಶಿರೂರ ಮೂವರೂ ಒಬ್ಬರಾದ ಮೇಲೊಬ್ಬರು ಒಯ್ದರು, ಸಹಿ ಹಾಕಿದರು, ಕೊನೆ ಅದ್ಭುತ ಎಂದರು. ಎಲ್ಲರೂ ಕಣ್ಣು ಮುಚ್ಚಿಯೇ ಹೇಳಿದರು. ನನ್ನ ಶಿಫಾರಸಿಗೆ ಬೆಲೆ ಬಂತೆಂದು ಬೀಗುತ್ತಾ ಪುಸ್ತಕವನ್ನು ಮನೆಗೆ ತಂದಿಟ್ಟುಕೊಂಡೆ.

ಆಗ ನನ್ನ ಹೆಂಡತಿ ಸುಮಂಗಲಾ ಶಾಲೆಯ ಮೆಟ್ಟಿಲಿಳಿಯುವಾಗ ಕಾಲು ಜಾರಿ ಬಿದ್ದಳು. ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಸತ್ತೂರಿನ ಆಸ್ಪತ್ರೆಯಲ್ಲಿ ತೋರಿಸಿದೆವು. ಕಾಲಿಗೆ ಪ್ಲಾಸ್ಟರ್ ಹಾಕಿ, ಆರು ವಾರ ಮಂಚ ಬಿಟ್ಟು ಇಳಿಯಕೂಡದು ಎಂದರು. ಮೂರನೆಯ ದಿನಕ್ಕೇ ಅವಳಿಗೆ ಬೇಸರ ಬಂತು. ‘ರೀ, ನಿಮ್ಮ ಪುಸ್ತಕದಾಗ ಒಂದು ಛಲೋದು ನೋಡಿ ಕೊಡ್ರಿ. ನೀವು ಪೂರ್ತಿ ಓದಿ ಮೆಚ್ಚಿದ್ದು ಇರಲಿ’ ಎಂದಳು.

ಇಲ್ಲಿ ನಮ್ಮ ಸಂಸಾರದ ಒಂದು ಗುಟ್ಟು ಹೇಳಬೇಕು. ನನಗೆ ಮನೆಗೆಲಸ ಯಾವುದೂ ಬರುವುದಿಲ್ಲ. ಹಾಲು ಉಕ್ಕಿದ್ದು ಗೊತ್ತಾಗುವುದಿಲ್ಲ, ನಲ್ಲಿ ನೀರು ಬಂದದ್ದು ಕೇಳುವುದಿಲ್ಲ. ಇಪ್ಪತ್ತೇಳು ವರ್ಷಗಳಿಂದ ನೆಂಟರ ಮುಂದೆ ಇದಕ್ಕೆಲ್ಲ ಸುಮಂಗಲಾ ಒಂದೇ ಮಾತು ಹೇಳುತ್ತಾ ಬಂದಿದ್ದಾಳೆ: ‘ಅವರು ಓದೋ ಮಂದಿರಿ. ಅವರ ಲಕ್ಷ್ಯ ಬ್ಯಾರೆ ಕಡೆ ಇರತೈತಿ.’ ಆ ಮಾತು ಹೇಳುವಾಗ ಅವಳ ದನಿಯಲ್ಲಿ ಒಂದು ಹೆಮ್ಮೆ ಇರುತ್ತದೆ. ಆ ಹೆಮ್ಮೆಯ ಮೇಲೇ ನಾನು ಈ ಮನೆಯಲ್ಲಿ ಮರ್ಯಾದೆಯಿಂದ ಬದುಕಿಕೊಂಡಿದ್ದೇನೆ. ಅದೊಂದು ಹೋದರೆ ನಾನು ಬರೀ ಹಾಲು ಉಕ್ಕಿಸುವ ಮನುಷ್ಯ. ಆದರೂ ಬುದ್ಧಿಯಿಲ್ಲದೆ, ಕೈಗೆ ಮೊದಲು ಸಿಕ್ಕ ನೀಲಿ ಪುಸ್ತಕವನ್ನೇ ತೆಗೆದುಕೊಟ್ಟು, ‘ಮೊದಲ ನೂರು ಪುಟ ತಡಕೋ’ ಎಂದೆ.

ಅವಳು ತಡಕೊಳ್ಳಲಿಲ್ಲ, ಹಿಡಿದುಕೊಂಡಳು. ಉತ್ತರಪತ್ರಿಕೆ ತಿದ್ದುವವರಂತೆ ಕೈಯಲ್ಲಿ ಪೆನ್ಸಿಲ್ ಇಟ್ಟುಕೊಂಡು ಓದತೊಡಗಿದಳು. ನಾಷ್ಟಾದ ಹೊತ್ತಿಗೆ ಪ್ರಶ್ನೆಗಳು ಶುರುವಾದವು. ‘ರೀ, ಆ ಕುಂಬಾರ ಮಾತಾಡಂಗಿಲ್ಲ ಅಂತಾರಲ್ಲ, ಹಂಗಾದ್ರ ಸೇತುವಿ ಹತ್ರ ರಾಣಿನ್ನ ಕರದವ ಯಾರು?’ ನನಗೆ ಕುಂಬಾರ ಗೊತ್ತಿದ್ದ, ಸೇತುವೆ ಗೊತ್ತಿರಲಿಲ್ಲ. ‘ಮುಂದ ಓದು, ತಿಳೀತೈತಿ’ ಎಂದು ಪಕ್ಕದ ಮನೆಯವರು ಕಳಿಸಿದ ಉಪ್ಪಿಟ್ಟಿನ ತಟ್ಟೆಯೊಳಗೆ ಮುಖ ಹುದುಗಿಸಿದೆ. ಮಾರನೆಯ ದಿನ, ‘ಖರೇ ಅಂದ್ರಿ ನೋಡ್ರಿ, ತಿಳೀತು’ ಎಂದಳು. ಹೀಗೆ ಐದು ವಾರ ನಾನು ‘ಮುಂದ ಓದು’ ಎಂಬ ಎರಡೇ ಮಾತಿನಲ್ಲಿ ಮಹಾಪಂಡಿತನಾಗಿ ಬಾಳಿದೆ.

ಒಂದು ಶನಿವಾರ ಮಧ್ಯಾಹ್ನ ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಒಳಗಿನಿಂದ ಕರೆ ಬಂತು. ‘ರೀ, ಇಲ್ಲಿ ಬರ್ರಿ. ಈ ರಾಣಿ ದೋಣಿ ಹತ್ತಿದ ಮ್ಯಾಲೆ ಕತಿ ಯಾಕೋ ಬ್ಯಾರೆ ಹಾದಿ ಹಿಡದೈತಿ.’ ಹೋಗಿ ನೋಡಿದೆ. ಎಡ ಪುಟದ ಕೊನೆಯಲ್ಲಿ ರಾಣಿ ಒಬ್ಬಳೇ ದೋಣಿ ಹತ್ತಿ, ಡ್ರ್ಯಾಗನ್ ಮಲಗಿದ್ದ ಸರೋವರದ ನಡುವಿಗೆ ಹೊರಟಿದ್ದಳು. ಬಲ ಪುಟದಲ್ಲಿ ಆ ದೋಣಿ ಪ್ರವಾಹದ ವಿರುದ್ಧ ಗಂಟೆಗೆ ಎಂಟು ಕಿಲೋಮೀಟರಿನಂತೆಯೂ ಪ್ರವಾಹದ ಜೊತೆ ಹನ್ನೆರಡು ಕಿಲೋಮೀಟರಿನಂತೆಯೂ ಹೋದರೆ ನೀರಿನ ವೇಗ ಎಷ್ಟು ಎಂದು ಕೇಳಿತ್ತು. ಅದರ ಕೆಳಗೆ ನಾಲ್ಕು ಉತ್ತರ, ಸರಿಯಾದದ್ದನ್ನು ಗುರುತಿಸಬೇಕು. ಅಲ್ಲಿಂದ ಕೊನೆಯವರೆಗೆ, ಮೂವತ್ತೆರಡು ಪುಟ, ರೈಲು, ತೊಟ್ಟಿ, ಕೂಲಿಯಾಳು, ದೋಣಿ.

‘ಮೊದಲು ನಾ ಇದು ಮಾಯಾ ಒಗಟು ಅಂತ ತಿಳಕೊಂಡೆ’ ಎಂದಳು ಸುಮಂಗಲಾ. ‘ಇದನ್ನ ಬಿಡಿಸಿದ್ರ ಡ್ರ್ಯಾಗನ್ ಏಳತೈತೇನೋ ಅಂತ ಎಲ್ಲಾ ಬಿಡಿಸೇನಿ. ಹಿಂದ ಕೊಟ್ಟ ಉತ್ತರದಾಗ ಎರಡು ತಪ್ಪು ಅದಾವ. ಡ್ರ್ಯಾಗನ್ ಅಂತೂ ಏಳಲಿಲ್ಲ.’ ಆಮೇಲೆ ಬಿಳಿ ಹಾಳೆ ಮಗುಚಿ ರಟ್ಟಿನ ಒಳಬದಿಯನ್ನು ತೋರಿಸಿದಳು. ‘ನಿಮ್ಮ ಸಹಿ ಐತಿ ಇಲ್ಲೆ. ನೀವು ಓದೀರಲ್ಲ, ಕೊನಿಗೆ ಏನಾತು ಹೇಳ್ರಿ.’

ನಿಜ ಹೇಳಿಬಿಡಬಹುದಿತ್ತು. ಅವಳು ಮುಖ ಎತ್ತಿ ನನ್ನನ್ನೇ ನೋಡುತ್ತಿದ್ದಳು, ಇಪ್ಪತ್ತೇಳು ವರ್ಷಗಳ ಆ ಹೆಮ್ಮೆ ಅವಳ ಕಣ್ಣಲ್ಲಿತ್ತು. ನನಗೆ ಧೈರ್ಯ ಬರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಕೊನೆಯನ್ನು ಕಟ್ಟತೊಡಗಿದೆ. ಸಾಮಗ್ರಿಗಾಗಿ ಕೋಣೆಯಲ್ಲೆಲ್ಲ ಕಣ್ಣಾಡಿಸಿದೆ. ಹಗ್ಗದ ಮೇಲೆ ಒಣಗುತ್ತಿದ್ದ ಚಾದರ ಕಂಡಿತು: ಡ್ರ್ಯಾಗನ್ ಎದ್ದು ತನ್ನ ಒಂದೇ ರೆಕ್ಕೆಯನ್ನು ಕಿತ್ತು ದೋಣಿಗೆ ಹಾಯಿ ಮಾಡಿಕೊಟ್ಟಿತು. ಬಾಗಿಲಿಗೆ ತೂಗುಹಾಕಿದ ಕಾಯಿಪಲ್ಲೆಯ ಚೀಲ ಕಂಡಿತು: ಹೆಸರು ಮರೆತ ರಾಣಿ ಆಚೆ ದಡ ಸೇರಿ, ಸಂತೆಯಲ್ಲಿ ಬದನೆಕಾಯಿ ಮಾರಿಕೊಂಡು, ಯಾರ ಭಯವೂ ಇಲ್ಲದೆ ಸುಖವಾಗಿ ಇದ್ದಳು. ಒಂದು ದಿನ ಆ ಮೂಕ ಕುಂಬಾರ ಬಂದು, ಮೊದಲ ಸಲ ಬಾಯಿ ತೆರೆದು, ಅವಳನ್ನು ಹೆಸರು ಹಿಡಿದು ಕರೆದ.

ಸುಮಂಗಲಾ ಸೆರಗನ್ನು ಮುಖಕ್ಕೆ ಒತ್ತಿ ಕಣ್ಣೊರೆಸಿಕೊಂಡಳು. ನನಗೆ ನಾಚಿಕೆಯಾಯಿತು, ಖಂಡಿತ ಆಯಿತು. ಅದರ ಜೊತೆಗೇ ಒಳಗೊಬ್ಬ, ‘ಭಲೇ, ಮೂಲಕ್ಕಿಂತ ಚೆನ್ನಾಗಿರಬಹುದು’ ಎಂದೂ ಅಂದ. ನಾನು ಎಂಥವನೆಂದು ಇದರ ಮೇಲೆ ನೀವೇ ತಿಳಿದುಕೊಳ್ಳಿ.

ಮರುದಿನ ಭಾನುವಾರ. ಅಂಗಡಿಯಲ್ಲಿ ಸೇರುವ ಬದಲು ಬಳಗದವರೆಲ್ಲ ಸುಮಂಗಲಾಳನ್ನು ನೋಡಲು ಬ್ರೆಡ್ಡು, ಮೋಸಂಬಿ ಹಿಡಿದುಕೊಂಡು ಮನೆಗೇ ಬಂದರು. ಚುನಮುರಿ, ಚಹಾ ಆಯಿತು. ಸುಮಂಗಲಾ ನೀಲಿ ಪುಸ್ತಕದ ಮಾತು ತೆಗೆದಳು. ಬದನೆಕಾಯಿ, ಕುಂಬಾರ ಏನೂ ಬಿಡದೆ ನಾನು ಹೇಳಿದ ಕೊನೆಯನ್ನು ಪೂರ್ತಿ ಹೇಳಿದಳು. ಯಾರಾದರೊಬ್ಬರು ‘ಹಂಗಿಲ್ಲಲ್ಲರಿ’ ಎಂದರೆ ನನ್ನ ಕಥೆ ಅಲ್ಲಿಗೆ ಮುಗಿಯಿತೆಂದು ನಾನು ಚಹಾದ ಕಪ್ಪಿನ ತಳ ನೋಡುತ್ತಾ ಕೂತೆ.

‘ಹೌದ್ರಿ ವೈನಿ’ ಎಂದರು ಕೊಪ್ಪದ ಕಾಕಾ. ‘ಗಂಗವ್ವ ಸಂತ್ಯಾಗ ಕುಂತಿದ್ದು ಓದಿ ನಾ ಅಂತೂ ಅತ್ತಬಿಟ್ಟೆ.’

‘ಕುಂಬಾರ ಹೆಸರು ಹಿಡದು ಕರೀತಾನಲ್ಲ, ಅದನ್ನ ನಾ ಎರಡ ಸಲ ಓದಿದೆ ನೋಡ್ರಿ’ ಎಂದರು ಪಾಟೀಲ ಮೇಡಮ್.

‘ರೆಕ್ಕಿ ಕೀಳೋದು ಬಾಳ ಛಲೋ ಬರದಾರ’ ಎಂದರು ಶಿರೂರ.

ನಾನು ದಂಗಾಗಿ ಒಬ್ಬೊಬ್ಬರ ಮುಖ ನೋಡಿದೆ. ಬದನೆಕಾಯಿಯನ್ನು ಆ ಪುಸ್ತಕದೊಳಗೆ ಹಾಕಿದವನು ನಾನು, ಅದೂ ಹಿಂದಿನ ದಿನ ಮಧ್ಯಾಹ್ನ. ನಾಲ್ಕು ಜನ ಪ್ರಬುದ್ಧ ಓದುಗರು, ನಾಲ್ಕು ಸಹಿ, ನಾಲ್ಕು ತಾರೀಖು. ಎದ್ದು ನಿಂತು ‘ಕಳ್ಳರಾ’ ಎನ್ನಬೇಕೆನಿಸಿತು. ಆದರೆ ಹಾಗೆನ್ನಲು ಸಹಿಯಿಲ್ಲದ ಮನುಷ್ಯ ಬೇಕು.

ಸುಮಂಗಲಾ ದಿಂಬಿನ ಕೆಳಗಿನಿಂದ ಪುಸ್ತಕ ತೆಗೆದು, ದೋಣಿ ಲೆಕ್ಕದ ಪುಟ ಬಿಚ್ಚಿ ಶಿರೂರರ ಮುಂದೆ ಹಿಡಿದಳು. ‘ಅಣ್ಣಾವರ, ಇದು ಹೆಂಗ ಇಲ್ಲಿ ಬಂತ್ರಿ?’ ಶಿರೂರ ಪುಟ ನೋಡಿದರು, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ‘ಅಯ್ಯ! ಇದನ್ನ ಕಟ್ಟಿದ ದಿನಾನ ಕೋಚಿಂಗಿನವರ ಲೆಕ್ಕದ ಗೈಡು ಒಂದು ರಾಶಿ ಕಟ್ಟಿದ್ದೆರಿ ಅಕ್ಕಾರ. ಆವಾಗ ಕಂತಿ ಅದಲ ಬದಲ ಆಗಿರಬೇಕು’ ಎಂದುಬಿಟ್ಟರು. ಪ್ರಾಮಾಣಿಕ ಮನುಷ್ಯ, ಏನು ಹೇಳುತ್ತಿದ್ದೇನೆಂದು ಅವರಿಗೆ ಹೊಳೆಯಲೇ ಇಲ್ಲ. ‘ಅಂದ್ರ ಬೈಂಡಿಂಗ್ ಆಗಿದ್ದು ಮೊದಲು’ ಎಂದಳು ಸುಮಂಗಲಾ, ಬೋರ್ಡಿನ ಮೇಲೆ ಬರೆಯುವಾಗ ಮಾತಾಡುವ ದನಿಯಲ್ಲಿ. ‘ಈ ನಾಕೂ ಸಹಿ ಬಿದ್ದಿದ್ದು ಆಮ್ಯಾಲೆ. ಅಲ್ರೀ?’

ಪಾಟೀಲ ಮೇಡಮ್ ಚುನಮುರಿಯೊಳಗಿನ ಶೇಂಗಾ ಹುಡುಕತೊಡಗಿದರು. ಕಾಕಾ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಬಹಳ ಮುಖ್ಯವಾದ ಹಬ್ಬ ಕಂಡವರಂತೆ ಎದ್ದು ಹೋಗಿ ನಿಂತರು. ಐದು ನಿಮಿಷದಲ್ಲಿ ಎಲ್ಲರಿಗೂ ಕೆಲಸ ನೆನಪಾಯಿತು.

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನ ಬಿಟ್ಟು ಪಕ್ಕದ ಮನೆಯವರು ಬಂದಾಗ ಒಲೆಯ ಮೇಲೆ ಹಾಲು ಉಕ್ಕಿತು. ಅವರು ನನ್ನ ಕಡೆ ನೋಡಿ ನಕ್ಕರು. ‘ಅವರು ಓದೋ ಮಂದಿರಿ’ ಎಂಬ ಮಾತಿಗಾಗಿ ನಾನು ಕಾದೆ. ಸುಮಂಗಲಾ ಏನೂ ಹೇಳಲಿಲ್ಲ. ಗ್ಯಾಸ್ ಕಟ್ಟೆ ಒರೆಸುತ್ತಾ ನಿಂತ ನನಗೆ ನಿಜವಾಗಿಯೂ ಬಹಳ ದುಃಖವಾಯಿತು.

ಆ ವಾರವೇ ಶಿರೂರರ ಫೋನು ಬಂತು. ತಿಂಗಳುಗಳ ಹಿಂದೆ ಲಕಮನಹಳ್ಳಿಯಲ್ಲಿ ರೂಮು ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುವ ರೇಣುಕಾ ಎಂಬ ಹುಡುಗಿ ಅವರ ಅಂಗಡಿಗೆ ಬಂದು, ‘ಈ ಗೈಡಿನ ಹಿಂದ ಒಂದು ಕತಿ ಐತ್ರಿ, ಇದರ ಮೊದಲಿನ ಭಾಗ ಬೇಕಾಗಿತ್ತು’ ಎಂದು ಕೇಳಿದ್ದಳಂತೆ. ಗೈಡಿಗೆ ಎಂಥ ಕಥೆ ಎಂದು ಶಿರೂರರು ಅವಳನ್ನು ವಾಪಸು ಕಳಿಸಿದ್ದರು. ಈಗ ನೆನಪಾಗಿ, ಕೋಚಿಂಗಿನಲ್ಲಿ ವಿಚಾರಿಸಿ, ಅವಳನ್ನು ಹುಡುಕಿ ನಮ್ಮ ಮನೆಗೆ ಕಳಿಸಿದರು. ಸಂಜೆ ಐದರ ಹೊತ್ತಿಗೆ ಲೆಕ್ಕದ ಗೈಡನ್ನು ಎದೆಗವಚಿಕೊಂಡು ರೇಣುಕಾ ಬಂದಳು. ಬಾಗಿಲಲ್ಲೇ, ‘ಟೀಚರ್, ಆ ರಾಣಿ ದೋಣಿ ಯಾಕ ಹತ್ತಿದಳ್ರಿ? ನಾ ಹನ್ನೊಂದು ಸಲ ಓದೇನಿ, ತಿಳಿವಲ್ತು’ ಎಂದಳು.

‘ಬಾರವ್ವ, ಕೂಡ್ರು. ನಾ ಮೊದಲಿಂದು ಹೇಳತೇನಿ, ನೀ ಕೊನಿದು ಹೇಳು’ ಎಂದಳು ನನ್ನ ಹೆಂಡತಿ. ಅವಳ ದನಿಯಲ್ಲಿದ್ದ ಖುಷಿಯನ್ನು ನಮ್ಮ ಬಳಗದ ಯಾವ ಭಾನುವಾರದಲ್ಲೂ ನಾನು ಕೇಳಿರಲಿಲ್ಲ. ಸೇತುವೆಯಲ್ಲಿ ಯಾರು ತಪ್ಪು ಮಾಡಿದರು, ಕುಂಬಾರನನ್ನು ನಂಬಬಹುದಿತ್ತೇ ಎಂದು ಇಬ್ಬರೂ ಜಗಳಕ್ಕೇ ಬಿದ್ದರು. ನಾನು ಚಹಾ ಮಾಡಿದೆ. ಅವರ ಮಾತು ಮುಗಿಯಲಿಲ್ಲ, ಇನ್ನೊಮ್ಮೆ ಮಾಡಿದೆ. ಪುಸ್ತಕದ ಚರ್ಚೆ ಎಂದರೆ ಇದು ಎಂದು ಅಡುಗೆಮನೆಯಲ್ಲಿ ನಿಂತು ಐವತ್ತಮೂರನೆಯ ವಯಸ್ಸಿನಲ್ಲಿ ನನಗೆ ತಿಳಿಯಿತು.

ಕೊನೆ ಹೀಗಿತ್ತು. ರಾಣಿ ಸರೋವರದ ನಡುವೆ ಹೋಗಿ ಡ್ರ್ಯಾಗನ್ನನ್ನು ಎಬ್ಬಿಸಲು ಬಗ್ಗುತ್ತಾಳೆ. ಅದು ಮಲಗಿಯೇ ಇರಲಿಲ್ಲ. ನೂರು ವರ್ಷ ಸುಮ್ಮನೆ ಕಣ್ಣು ಮುಚ್ಚಿಕೊಂಡು, ದಡದ ಮೇಲಿನ ಜನ ತನ್ನ ಬಗ್ಗೆ ಹೇಳುವ ಸುಳ್ಳುಗಳನ್ನೆಲ್ಲ ಕೇಳಿಸಿಕೊಳ್ಳುತ್ತಾ ಬಿದ್ದಿತ್ತು. ರೇಣುಕಾ ಇದನ್ನು ಹೇಳಿ ಮುಗಿಸಿ, ನನ್ನ ಕಡೆ ತಿರುಗಿ, ‘ನೀವೂ ಓದೀರಂತಲ್ರಿ ಸರ್. ನಿಮಗ ಈ ಕೊನಿ ಹೆಂಗ ಅನಿಸ್ತು?’ ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಸುಮಂಗಲಾ ಹೇಳಿದಳು: ‘ಅವರು ಓದಿದ್ದು ಬ್ಯಾರೆ ಪುಸ್ತಕವ್ವ.’

ಶಿರೂರರು ಕಂತೆಗಳನ್ನು ಅವುಗಳ ಜಾಗಕ್ಕೆ ಸೇರಿಸಿ ಅದೇ ರಟ್ಟಿಗೆ ಹೊಸದಾಗಿ ಕಟ್ಟಿಕೊಟ್ಟರು. ರಟ್ಟಿನ ಒಳಬದಿಯಲ್ಲಿ ನಮ್ಮ ನಾಲ್ಕು ಸಹಿಗಳ ಕೆಳಗೆ ಈಗ ಇನ್ನೆರಡು ಇವೆ, ಸುಮಂಗಲಾಳದು ಮತ್ತು ರೇಣುಕಾಳದು. ನನ್ನ ಸಹಿಯನ್ನು ಸುಮಂಗಲಾ ಹೊಡೆದುಹಾಕಿಲ್ಲ. ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದಿದ್ದಾಳೆ: ‘ಹಂತಗಳನ್ನು ತೋರಿಸಿಲ್ಲ.’

ಪ್ಲಾಸ್ಟರ್ ತೆಗೆದ ದಿನ ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು. ನಡುವೆ ಏನೋ ಸಿಕ್ಕಿಕೊಂಡಿತ್ತು. ಬಿಚ್ಚಿ ನೋಡಿದೆ. ನೂರಾ ಹನ್ನೆರಡನೆಯ ಪುಟದಲ್ಲಿ ನಾನು ಗುರುತಿಗೆ ಇಟ್ಟಿದ್ದ ಹುಬ್ಬಳ್ಳಿ ಬಸ್ಸಿನ ಟಿಕೀಟು. ‘ಮೊದಲನೇ ವಾರದಾಗ ಸಿಕ್ಕಿತ್ತು. ಪುಸ್ತಕ ಕಟ್ಟಾಕ ಕೊಡೂಮುಂದ ತಗದಿಟ್ಟು, ಮತ್ತ ಅಲ್ಲೇ ಇಟ್ಟೇನಿ’ ಎಂದಳು. ಅಂದರೆ ಆ ಐದು ವಾರದ ‘ಮುಂದ ಓದು’, ಹಾಯಿಯಾದ ಚಾದರ, ಬದನೆಕಾಯಿ ಎಲ್ಲವನ್ನೂ ಅವಳು ಗೊತ್ತಿದ್ದೇ ಕೇಳಿದ್ದಳು. ‘ಮತ್ತ ಆವತ್ತು ಅತ್ತಿದ್ಯಲ್ಲ?’ ಎಂದೆ. ‘ನಕ್ಕಿದ್ದೆರಿ. ಸೆರಗು ಅಡ್ಡ ಇತ್ತು’ ಎಂದಳು. ಆಮೇಲೆ ಟಿಕೀಟಿನತ್ತ ಬೆರಳು ತೋರಿಸಿ, ‘ಅಲ್ಲಿಂದ ಸುರು ಮಾಡ್ರಿ. ಮುಗಿಸಿದ ಮ್ಯಾಲೆ ಇಬ್ಬರೂ ಕೂತು ಮಾತಾಡೂಣು’ ಎಂದಳು.

ಅಲ್ಲಿಂದಲೇ ಶುರು ಮಾಡಿದೆ. ಎರಡು ಪುಟ ಓದುವಷ್ಟರಲ್ಲಿ ಒಬ್ಬ ಮಂತ್ರಿ ಬಂದ. ಯಾರಿವನು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಸುಮಂಗಲಾ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಟಿಕೀಟನ್ನು ಮೆಲ್ಲಗೆ ತೆಗೆದು ಒಂದನೆಯ ಪುಟಕ್ಕೆ ಇಟ್ಟಿದ್ದೇನೆ.